ಛಲ ಸರಿ, ಮದ್ದುಗುಂಡು ಎಲ್ಲಿಂದ ಬಂತು?

ನಿನ್ನೆ ಶ್ರೀರಂಗಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಪ್ರತಿಭಾ ಪುರಸ್ಕಾರ. ನಿವೃತ್ತ ಮೇಷ್ಟ್ರು ಅಂತ ನನ್ನನ್ನೂ ಕರೆದು ಮುಂದಿನ ಸಾಲಲ್ಲೇ ಕೂರಿಸಿದ್ದರು, ಮಧ್ಯೆ ಎದ್ದು ಬರುವ ದಾರಿಯೂ ಇರಲಿಲ್ಲ. ಬೆಂಗಳೂರಿಂದ ಬಂದಿದ್ದ ಸ್ಫೂರ್ತಿ ಭಾಷಣಕಾರರು ಕೋಟು ಸರಿ ಮಾಡಿಕೊಂಡು ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರು ಹಚ್ಚಿಕೊಂಡರು. "ಜೇಬಲ್ಲಿ ಕಾಸಿಲ್ಲ, ಕಾಲಲ್ಲಿ ಬೂಟಿಲ್ಲ, ಬರೀ ರೈತರು! ಆದರೂ ಬ್ರಿಟಿಷ್ ಸಾಮ್ರಾಜ್ಯವನ್ನ ಮಂಡಿಯೂರಿಸಿದರು. ಯಾವುದರಿಂದ?" ಆಮೇಲೆ ಮಕ್ಕಳ ಕೈಲಿ ಮೂರು ಸಲ "ಛಲ! ಛಲ! ಛಲ!" ಅಂತ ಕೂಗಿಸಿದರು. ಮೈಕು ಕೂಡ ಕುಯ್ಯೆಂದಿತು.

ನನಗೆ ಬಿಪಿ ಇದೆ, ನಿಮಗೆಲ್ಲ ಗೊತ್ತು.

ಬೂಟಿಲ್ಲದ್ದು ನಿಜ ಕಣ್ರೀ. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಸುಮಾರು 2000 ಸೈನಿಕರು ಸತ್ತರು. ಗುಂಡೇಟಿಗಲ್ಲ, ಜ್ವರಕ್ಕೆ, ಭೇದಿಗೆ. ಅವರಿಗೇನು ಛಲ ಕಮ್ಮಿ ಇತ್ತಾ? 1781ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಪಡೆಗಳು ಸಂಬಳ ಬಂದಿಲ್ಲ ಅಂತ ತಮ್ಮ ಅಧಿಕಾರಿಗಳ ಮೇಲೇ ದಂಗೆ ಎದ್ದವು. ಅದೇ ವರ್ಷ ಯಾರ್ಕ್‌ಟೌನ್ ಕಡೆ ಹೊರಟ ಸೈನಿಕರು ಫಿಲಡೆಲ್ಫಿಯಾ ತಲುಪುವ ಹೊತ್ತಿಗೆ, ಕೈಗೆ ನಾಣ್ಯ ಬರಲಿ, ಕಾಗದದ ನೋಟು ಬೇಡ ಅಂತ ಗೊಣಗಾಟ ಶುರು. ಕಾಸು ಕೊಟ್ಟವರು ಯಾರು? ಫ್ರೆಂಚ್ ಸೇನಾಪತಿ ರೊಶಾಂಬೋ, ತನ್ನ ಪಡೆಯ ಪೆಟ್ಟಿಗೆಯಿಂದ, ಸಾಲವಾಗಿ. ಭಾಷಣದಲ್ಲಿ ರೊಶಾಂಬೋ ಹೆಸರೇ ಇಲ್ಲ. ಫ್ರಾನ್ಸ್ ಅನ್ನೋ ದೇಶವೇ ಇಲ್ಲ! ಮುಕ್ಕಾಲು ಗಂಟೆ ಮಾತಾಡಿದರು ಸ್ವಾಮಿ, ಒಂದು ಸಲವೂ ಇಲ್ಲ.

ಯಾರ್ಕ್‌ಟೌನ್ ಲೆಕ್ಕ ನೋಡಿ. ನ್ಯೂಯಾರ್ಕ್ ಮೇಲೆ ಬೀಳಬೇಕು ಅಂತ ವಾಷಿಂಗ್ಟನ್ ಆಸೆ. ಬೇಡ, ದಕ್ಷಿಣಕ್ಕೆ ಹೋಗೋಣ ಅಂತ ಒಪ್ಪಿಸಿದ್ದು ರೊಶಾಂಬೋ. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ನೌಕಾಪತಿ ದ ಗ್ರಾಸ್‌ನ 24 ದೊಡ್ಡ ಯುದ್ಧನೌಕೆಗಳು ಬ್ರಿಟಿಷರ 19 ನೌಕೆಗಳನ್ನು ತಡೆದವು. ಆ 24ರಲ್ಲಿ ಅಮೆರಿಕದವು ಎಷ್ಟು? ಸೊನ್ನೆ. ಸಮುದ್ರದ ಬಾಗಿಲು ಮುಚ್ಚಿದ್ದಕ್ಕೇ ಯಾರ್ಕ್‌ಟೌನ್‌ನಲ್ಲಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಬೋನಿಗೆ ಬಿದ್ದದ್ದು. ಅಕ್ಟೋಬರ್ 19ಕ್ಕೆ ಶರಣು. ಆ ದಿನ ಆತ ಹುಷಾರಿಲ್ಲ ಅಂತ ಹೇಳಿ ತನ್ನ ಕೈಕೆಳಗಿನ ಓಹಾರಾನನ್ನು ಕಳಿಸಿದ. ಅವನು ನೇರ ಹೋಗಿ ಶರಣಾಗಲು ನೋಡಿದ್ದು ವಾಷಿಂಗ್ಟನ್‌ಗಲ್ಲ, ರೊಶಾಂಬೋಗೆ. ಆತ "ಅತ್ತ ಹೋಗಪ್ಪ" ಅನ್ನೋ ಹಾಗೆ ವಾಷಿಂಗ್ಟನ್ ಕಡೆ ಕೈ ತೋರಿಸಿದ. ವಾಷಿಂಗ್ಟನ್ ತನ್ನ ಕೈಕೆಳಗಿನ ಲಿಂಕನ್ ಎಂಬ ಜನರಲ್ ಕಡೆ ತೋರಿಸಿದ. (ಆ ಲಿಂಕನ್ ಅಲ್ಲ, ಬೆಂಜಮಿನ್ ಲಿಂಕನ್. ಕಾಮೆಂಟಲ್ಲಿ ಶುರು ಮಾಡಬೇಡಿ.) ತಾವು ಸೋತದ್ದು ಯಾರಿಗೆ ಅಂತ ಬ್ರಿಟಿಷರಿಗೆ ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಕೋಟು ಸಾಹೇಬರಿಗೆ ಗೊತ್ತಿಲ್ಲ.

ಹೊಟ್ಟೆ ಉರಿದದ್ದು ಇನ್ನೂ ಒಂದು ಕಾರಣಕ್ಕೆ. ಆ ಮಂಟಪದಿಂದ ಕೋಟೆಗೆ ಆಟೋದಲ್ಲಿ ಹತ್ತು ನಿಮಿಷ. ಅಮೆರಿಕದಲ್ಲಿ ಸೋತ ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರು ಹಿಡಿದ, 1792ರಲ್ಲಿ ಇದೇ ಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಈ ಸಲ ಅವನ ಜೊತೆ ಮರಾಠರು, ನಿಜಾಮರು ಇದ್ದರು. ಟಿಪ್ಪು ಜೊತೆ ದ ಗ್ರಾಸ್ ಇರಲಿಲ್ಲ. ಹಾಗಾದರೆ ಮೈಸೂರಿನವರಿಗೆ ಛಲ ಇರಲಿಲ್ಲ ಅಂತ ತಿಳ್ಕೋಬೇಕಾ? ಈ ಊರಲ್ಲಿ ನಿಂತು ಈ ಮಾತು!

ನಂಟು ಅಷ್ಟೇ ಅಲ್ಲ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿದ್ದೇ ತಡ, ಬ್ರಿಟಿಷರು ಇಲ್ಲಿ ಫ್ರೆಂಚರ ಕೈಲಿದ್ದ ಪಾಂಡಿಚೇರಿ ಹಿಡಿದರು, ಮರುವರ್ಷ ಮಾಹೆ. ಮಾಹೆ ಹೈದರಾಲಿಗೆ ಸಾಮಾನು ಸರಂಜಾಮು ಬರುತ್ತಿದ್ದ ಬಂದರು, ತನ್ನ ರಕ್ಷಣೆಯಲ್ಲಿದೆ ಅಂತ ಆತ ಹೇಳಿಯೂ ಇದ್ದ. ಸಿಟ್ಟಿಗೆದ್ದು 1780ರಲ್ಲಿ ಕರ್ನಾಟಿಕ್ (ಈಗಿನ ತಮಿಳುನಾಡಿನ ಕಡೆ) ಮೇಲೆ ನುಗ್ಗಿದ, ಪೊಳ್ಳಿಲೂರಿನಲ್ಲಿ ಕಂಪನಿ ಪಡೆಯನ್ನು ನುಚ್ಚುನೂರು ಮಾಡಿದ. ಅತ್ತ ಪೆನ್ಸಿಲ್ವೇನಿಯಾದವರು ಒಂದು ಹಡಗಿಗೆ ಹೈದರ್ ಆಲಿ ಅಂತಲೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಂಕ್ ಅನ್ನು ಸೆರೆಹಿಡಿಯಿತು. ಇದನ್ನ ಹೇಳಿದ್ದರೆ ನಮ್ಮ ಹುಡುಗರು ಶಿಳ್ಳೆ ಹೊಡೀತಿದ್ದರು. ಛಲ ಛಲ ಅಂತ ಕೂಗಿಸೋ ಕಷ್ಟವೂ ಇರ್ತಿರಲಿಲ್ಲ.

ರಾತ್ರಿ ಊಟದ ಹೊತ್ತಲ್ಲಿ ಮಗಳ ಹತ್ತಿರ ಇದನ್ನೇ ಕೊರೆದೆ. "ಅಪ್ಪಾ, ಹತ್ತನೇ ಕ್ಲಾಸಿನ ಮಕ್ಕಳಿಗೆ ಹುರುಪು ತುಂಬೋಕೆ ಬಂದವರು ಸಾಲದ ಪಟ್ಟಿ ಓದಬೇಕಿತ್ತಾ? ವಾಷಿಂಗ್ಟನ್ ಸೇನೆ ಚಳೀಲಿ ಚದುರಿಹೋಗಿದ್ದರೆ ಫ್ರಾನ್ಸ್ ಯಾರಿಗೆ ಸಹಾಯ ಮಾಡ್ತಿತ್ತು?" ಅಂದಳು. ಮಾತು ಸರಿ. ಸಾರಾಟೋಗಾದಲ್ಲಿ 1777ರಲ್ಲಿ ಅವರು ಗೆಲ್ಲದೇ ಹೋಗಿದ್ದರೆ ಫ್ರಾನ್ಸ್ ಬಹಿರಂಗವಾಗಿ ಒಪ್ಪಂದ ಮಾಡಿಕೊಳ್ಳುತ್ತಿದ್ದದ್ದು ಅನುಮಾನವೇ. ಒಪ್ಪಿದೆ, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡೆ. ಆದರೆ ಆ ಸಭೇಲಿ ಫೀಸಿಗೆ ದುಡ್ಡಿಲ್ಲದೆ ಪಿಯುಸಿ ಸೇರೋದೋ ಬಿಡೋದೋ ಅಂತ ಕೂತ ಹುಡುಗಿ ಇದ್ದಳು, ಅವಳ ಅಪ್ಪ ನನಗೆ ಗೊತ್ತು. ಅವಳಿಗೆ ಬೇಕಿರೋದು ರೊಶಾಂಬೋ. ಇವರು ಕೊಟ್ಟದ್ದು ಛಲ, ಮತ್ತೊಂದು ಪ್ಲಾಸ್ಟಿಕ್ ಫಲಕ.

ಫ್ರಾನ್ಸ್ ಏನೂ ಪುಣ್ಯಾತ್ಮ ಅಲ್ಲ ಬಿಡಿ. ಹಿಂದಿನ ಯುದ್ಧದಲ್ಲಿ ಕೆನಡಾ ಕಳಕೊಂಡ ಹಗೆ ತೀರಿಸಿಕೊಳ್ಳೋಕೆ ಬಂದದ್ದು. ನೂರು ಕೋಟಿ ಲಿವ್ರ್‌ಗೂ (ಆಗಿನ ಫ್ರೆಂಚ್ ನಾಣ್ಯ) ಮಿಕ್ಕಿ ಸುರಿದು, ಸಾಲದಲ್ಲಿ ಮುಳುಗಿ, 1789ರಲ್ಲಿ ರಾಜನ ಕುರ್ಚಿಯೇ ಅಲ್ಲಾಡಿತು.

ಈಗ ಹೇಳಬೇಕಾದ್ದು ಹೇಳಿಬಿಡ್ತೀನಿ. ನಾನೇನು ಸಾಚಾ? 28 ವರ್ಷ ಇದೇ ಪಾಠ ಮಾಡಿದೆ. ನೋಟ್ಸಲ್ಲಿ ಏಳನೇ ಪಾಯಿಂಟು "ಫ್ರಾನ್ಸಿನ ನೆರವು", ಎರಡೇ ಪದ. ಪೋರ್ಷನ್ ಮುಗಿದಿಲ್ಲ ಅಂದ್ರೆ ಮೊದಲು ಬಿಡ್ತಿದ್ದದ್ದೂ ಅದನ್ನೇ. ಒಂದು ವರ್ಷ ಕೊನೇ ಬೆಂಚಿನ ಹುಡುಗ ಎದ್ದು ನಿಂತು "ಸಾರ್, ರೈತರಿಗೆ ಅಷ್ಟೊಂದು ಮದ್ದುಗುಂಡು ಎಲ್ಲಿಂದ ಬಂತು ಸಾರ್?" ಅಂದ. ನನಗೆ ಗೊತ್ತಿರಲಿಲ್ಲ. "ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದೆ. ಕ್ಲಾಸೆಲ್ಲ ನಕ್ಕಿತು, ಅವನು ಆಮೇಲೆ ಏನೂ ಕೇಳಲಿಲ್ಲ.

ನೀನು ಫೇಸ್‌ಬುಕ್ಕಲ್ಲಿ ಇದ್ದೀಯೋ ಇಲ್ಲವೋ ಗೊತ್ತಿಲ್ಲ ಕಣಪ್ಪ. ಯುದ್ಧದ ಮೊದಲ ವರ್ಷಗಳಲ್ಲಿ ಬಹುಪಾಲು ಮದ್ದು ಹೊರದೇಶದಿಂದ ಬಂದದ್ದು. 1776ರಲ್ಲಿ ಬೋಮಾರ್ಶೆ ಅನ್ನೋ ನಾಟಕಕಾರ ಪ್ಯಾರಿಸ್ಸಲ್ಲಿ ರೊಡ್ರಿಗ್ ಒರ್ತಾಲೆಸ್ ಅಂತ ಒಂದು ತೋರಿಕೆಯ ಕಂಪನಿಯ ಬೋರ್ಡು ಹಾಕಿದ. ಫ್ರಾನ್ಸಿನ ರಾಜ ಹತ್ತು ಲಕ್ಷ ಲಿವ್ರ್ ಗುಟ್ಟಾಗಿ ಕೊಟ್ಟ, ಸ್ಪೇನ್ ಅಷ್ಟೇ ಕೊಟ್ಟಿತು. ಬಂದೂಕು, ಫಿರಂಗಿ, ಮದ್ದು ಎಲ್ಲ ಹಡಗಲ್ಲಿ ಹೋಯ್ತು. ಅವನ ಬಾಕಿಯನ್ನ ಅಮೆರಿಕ ಅವನು ಬದುಕಿರೋವರೆಗೂ ತೀರಿಸಲಿಲ್ಲ. 1835ರಲ್ಲಿ ವಾರಸುದಾರರಿಗೆ ಒಂದಷ್ಟು ಕೊಟ್ಟು ಕೈತೊಳೆದುಕೊಂಡಿತು.

ನನ್ನ ಬಾಕಿ ಇಷ್ಟು ತಡವಾಗಲಿಲ್ಲ ನೋಡು.