ಕುಚ್ಚಿನ ಲೆಕ್ಕ ಹಾಗೆ ಕೂಡುವುದಿಲ್ಲ

ಮನೆಯಲ್ಲೇ ಕೂತು ದುಡಿಯುವ ಬಗ್ಗೆ ನಿಮ್ಮ ಲೇಖನದಲ್ಲಿ, ಮಗು ಮಲಗಿದ ಎರಡು ಗಂಟೆಯಲ್ಲಿ ಸೀರೆ ಕುಚ್ಚು ಹಾಕಿ ತಿಂಗಳಿಗೆ 15,000 ದುಡಿಯಬಹುದು ಅಂತ ಬರೆದಿದ್ದೀರಿ. ನಾಲ್ಕು ವರ್ಷದಿಂದ ಕುಚ್ಚು ಹಾಕುತ್ತಿದ್ದೇನೆ, ನನಗಂತೂ ಅಷ್ಟು ಸಿಕ್ಕಿಲ್ಲ. ಮಣಿ ಇಲ್ಲದ ಸಾದಾ ಕುಚ್ಚಿಗೇ ಎರಡು ಗಂಟೆ ಬೇಕು. ಕೊಕ್ಕೆ ಸೂಜಿಯಲ್ಲಿ ಹೆಣೆಯುವ ಕ್ರೋಷಾ ಕುಚ್ಚು ಆದರೆ ಒಂದು ಸೀರೆಗೆ ಎರಡು ದಿನ. ಅಂಗಡಿಯವರು ಗಿರಾಕಿ ಹತ್ತಿರ 600 ತಗೊಂಡು ನಮಗೆ ಕೊಡುತ್ತಿದ್ದದ್ದು 250, ಅದರಲ್ಲೇ ದಾರ, ಮಣಿ ನಮ್ಮದು. ಆಷಾಢದಲ್ಲಿ ಸುಮ್ನೆ ಕೂರಬೇಕು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ರಾತ್ರಿ ಒಂದರವರೆಗೂ ಸೂಜಿ ಕೆಳಗಿಡುವ ಹಾಗಿಲ್ಲ.

ಮಲಗಿದ್ದ ನನ್ನ ಮಗ ಒಮ್ಮೆ ಎದ್ದು ಬಂದು ಯಾರದ್ದೋ ರೇಷ್ಮೆ ಸೆರಗಿನ ಮೇಲೆ ರಾಗಿ ಸರಿ ಚೆಲ್ಲಿದ. ಆ ವಾರದ ದುಡಿಮೆ ಡ್ರೈ ಕ್ಲೀನಿಂಗ್‌ಗೆ ಹೋಯಿತು!

ಅಂಗಡಿ ಬಿಟ್ಟು ನಮ್ಮ ಬೀದಿಯವರ ಸೀರೆ ನೇರವಾಗಿ ಹಿಡಿದ ಮೇಲೆಯೇ ಕೈಯಲ್ಲಿ ಕಾಸು ನಿಂತದ್ದು. ಈಗ ಹಬ್ಬದ ತಿಂಗಳಲ್ಲಿ ಏಳೆಂಟು ಸಾವಿರ, ಬೇರೆ ತಿಂಗಳಲ್ಲಿ ಎರಡೋ ಮೂರೋ ಸಾವಿರ.

ಇನ್ನು ಕೊನೆಯಲ್ಲಿ, ನೋಂದಣಿ ಶುಲ್ಕ ಕಟ್ಟಿದರೆ ಡೇಟಾ ಎಂಟ್ರಿ ಕೆಲಸ ಸಿಗುತ್ತೆ ಅಂದಿದ್ದೀರಲ್ಲ, ದಯವಿಟ್ಟು ಆ ಸಾಲು ತೆಗೆಯಿರಿ. ಕೆಲಸ ಕೊಡುವವರು ನಮಗೇ ದುಡ್ಡು ಕೊಡಬೇಕು ಅಲ್ವಾ? ಹಾಗೆ ಕಟ್ಟಿ ಮೋಸ ಹೋದವರು ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.