ಬೇರಿಂಗ್ ಕೂರದ ಶಾಫ್ಟ್

ಡಿಸೈನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಕಳೆದ ವಾರ ತಾನು ಎಳೆದ ಶಾಫ್ಟಿನ, ಅಂದರೆ ಯಂತ್ರದಲ್ಲಿ ತಿರುಗುತ್ತಾ ಬಲ ಸಾಗಿಸುವ ದುಂಡು ಸರಳಿನ, ಡ್ರಾಯಿಂಗ್ ತಂದು ತೋರಿಸಿದ. ಲೆಕ್ಕ ಅಚ್ಚುಕಟ್ಟಾಗಿತ್ತು. ಬಾಗಿಸುವ ಬಲ, ತಿರುಚುವ ಬಲ ಎರಡನ್ನೂ ಗಣನೆಗೆ ತೆಗೆದುಕೊಂಡು ಬೇರಿಂಗ್ ಕೂರುವ ಜಾಗಕ್ಕೆ 33 ಮಿ.ಮೀ. ವ್ಯಾಸ ಕೊಟ್ಟಿದ್ದ. "33ಕ್ಕೆ ಯಾವ ಬೇರಿಂಗ್ ಹಾಕ್ತೀಯಪ್ಪ?" ಎಂದು ಕೇಳಿದೆ. ಸಾಫ್ಟ್‌ವೇರಿನ ಲೈಬ್ರರಿ ತೆರೆದು ಹುಡುಕಿದ. 6206 ನಂಬರಿನ ಬೇರಿಂಗಿನ ಒಳವ್ಯಾಸ 30, 6207ರದ್ದು 35. 33ಕ್ಕೆ ಸರಿಹೋಗುವುದು ಆ ಸಾಲಿನಲ್ಲಿ ಯಾವುದೂ ಇಲ್ಲ. 04ರಿಂದ ಮೇಲಕ್ಕೆ, ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ ಎಂಬುದು ಪೀಣ್ಯದ ಫಿಟ್ಟರುಗಳಿಗೆ ಬಾಯಿಪಾಠ. ಎಂಜಿನಿಯರಿಂಗ್ ಮುಗಿಸಿ ಬಂದವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

ಶಾಫ್ಟನ್ನು ಮೊದಲು ಎಳೆದು ಆಮೇಲೆ ಅದಕ್ಕೆ ಭಾಗಗಳನ್ನು ತೊಡಿಸುವ ಈ ಕ್ರಮವೇ ತಲೆಕೆಳಗು ಎಂಬುದು ನನ್ನ ಅಭಿಪ್ರಾಯ. ಬೇರಿಂಗ್, ಸರ್‌ಕ್ಲಿಪ್ (ಶಾಫ್ಟಿನ ಗ್ರೂವಿನಲ್ಲಿ ಕೂತು ಬೇರಿಂಗ್ ಜಾರದಂತೆ ತಡೆಯುವ ಬಳೆ), ಕೀ (ಶಾಫ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿಸುವ ಉಕ್ಕಿನ ತುಂಡು), ಆಯಿಲ್ ಸೀಲ್ ಇವೆಲ್ಲ ಅಂಗಡಿಯಿಂದ ಬರುವ ಸಿದ್ಧ ವಸ್ತುಗಳು. ನಮ್ಮ ಅನುಕೂಲಕ್ಕೆ ಅವು ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಬದಲಾಗಬಹುದಾದದ್ದು ನಾವು ಲೇತಿನಲ್ಲಿ ಮಾಡಿಕೊಳ್ಳುವ ಶಾಫ್ಟ್ ಒಂದೇ. ಆದ್ದರಿಂದ ಲೆಕ್ಕ ಹೇಳುವ ಕನಿಷ್ಠ ವ್ಯಾಸವನ್ನು ಬದಿಗೆ ಬರೆದಿಟ್ಟುಕೊಂಡು, ಸಿದ್ಧ ಭಾಗಗಳನ್ನು ಮೊದಲು ಆರಿಸಿ, ಅವುಗಳ ಅಳತೆಗಳ ನಡುವೆ ಉಳಿಯುವ ಆಕಾರವನ್ನೇ ಶಾಫ್ಟ್ ಎಂದು ಒಪ್ಪಿಕೊಳ್ಳಬೇಕು.

ಆಟೋಕ್ಯಾಡ್ ಮೆಕ್ಯಾನಿಕಲ್‌ನ ಶಾಫ್ಟ್ ಜನರೇಟರನ್ನು ನಾನು ದೂರುತ್ತಿಲ್ಲ. ಮಧ್ಯರೇಖೆ ಕೊಟ್ಟು ಒಂದೊಂದು ಸ್ಟೆಪ್ಪಿನ ಉದ್ದ, ವ್ಯಾಸ ತುಂಬುತ್ತಾ ಹೋದರೆ ಅರ್ಧ ದಿನದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೇರಿಂಗ್ ಬೇಕೆಂದರೆ ಸ್ಟ್ಯಾಂಡರ್ಡ್ ಭಾಗಗಳ ಪಟ್ಟಿಯಿಂದ ಸರಿಯಾದ ಅಳತೆಯದು ಬಂದು ಕೂರುತ್ತದೆ. ನನ್ನನ್ನು ಒಮ್ಮೆ ಕೆಡಿಸಿದ್ದೂ ಆ ಸಲೀಸುತನವೇ.

ಅದು 3.7 ಕಿಲೋವಾಟ್ ಮೋಟಾರಿನ ಬೆಲ್ಟ್ ಡ್ರೈವಿಗೆ ಬೇಕಾದ ಶಾಫ್ಟ್. ಎರಡು 6206 ಬೇರಿಂಗ್, ನಡುವೆ 38 ಮಿ.ಮೀ. ಶೋಲ್ಡರ್ (ಬೇರಿಂಗ್ ತಾಗಿ ನಿಲ್ಲಬೇಕಾದ ದಪ್ಪ ಭಾಗ), ತುದಿಗಳಲ್ಲಿ 28 ಮಿ.ಮೀ. ಶೋಲ್ಡರಿನ ಮೂಲೆಗೆ ಶಕ್ತಿ ಇರಲಿ ಎಂದು 2 ಮಿ.ಮೀ. ರೇಡಿಯಸ್ಸಿನ ದುಂಡು ತಿರುವು ಕೊಟ್ಟಿದ್ದೆ. ಪರದೆಯ ಮೇಲೆ ಎಲ್ಲವೂ ಸೊಗಸಾಗಿತ್ತು. ಶಾಫ್ಟ್ ಗ್ರೈಂಡಿಂಗ್ ಮುಗಿಸಿಕೊಂಡು ಅಸೆಂಬ್ಲಿಗೆ ಹೋದ ದಿನ ಫಿಟ್ಟರ್ ನನ್ನನ್ನು ಕರೆದು, ಏನೂ ಮಾತಾಡದೆ, ಬೇರಿಂಗಿಗೂ ಶೋಲ್ಡರಿಗೂ ನಡುವೆ ಸಂದು ಅಳೆಯುವ ಫೀಲರ್ ಗೇಜಿನ 0.6 ಮಿ.ಮೀ. ಎಲೆಯನ್ನು ತೂರಿಸಿ ತೋರಿಸಿದರು. 6206ರ ಒಳ ರಿಂಗಿನ ಮೂಲೆಯ ಕನಿಷ್ಠ ರೇಡಿಯಸ್ 1 ಮಿ.ಮೀ. ಮಾತ್ರ. ಶಾಫ್ಟಿನ ಮೂಲೆಯ ರೇಡಿಯಸ್ ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಆ ವಾರೆಯನ್ನೇ ಏರಿ ನಿಲ್ಲುತ್ತದೆ, ಶೋಲ್ಡರಿಗೆ ತಾಗುವುದೇ ಇಲ್ಲ. ಅಲ್ಲಿ 0.6 ಹೊರಬಂದ ಬೇರಿಂಗ್ ಇನ್ನೊಂದು ಬದಿಯಲ್ಲಿ ಸರ್‌ಕ್ಲಿಪ್ಪಿನ ಗ್ರೂವನ್ನು ಮುಚ್ಚಿಕೊಂಡು ಕೂತಿತ್ತು. 30ರ ಶಾಫ್ಟಿಗೆ ಗ್ರೂವಿನ ಅಗಲ 1.6, ಸರ್‌ಕ್ಲಿಪ್ಪಿನ ದಪ್ಪ 1.5, ನಮಗಿರುವ ಅವಕಾಶ ಬರೀ 0.1. ಸಾಫ್ಟ್‌ವೇರ್ ಬೇರಿಂಗನ್ನೂ ಗ್ರೂವನ್ನೂ ಮೂಲೆಯ ರೇಡಿಯಸ್ಸನ್ನೂ ಬೇರೆ ಬೇರೆಯಾಗಿ ಸರಿಯಾಗಿಯೇ ಬರೆದಿತ್ತು. ಅವು ಒಂದನ್ನೊಂದು ಒಪ್ಪುತ್ತವೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು, ನಾನು ನೋಡಿರಲಿಲ್ಲ.

ದೊಡ್ಡ ರೇಡಿಯಸ್ ಕೊಡಬೇಕೆಂಬ ನನ್ನ ಆಸೆ ಮಾತ್ರ ತಪ್ಪಾಗಿರಲಿಲ್ಲ. 1842ರಲ್ಲಿ ವರ್ಸೈಯಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ ಆ್ಯಕ್ಸಲ್ ಮುರಿದು ಭೀಕರ ಅಪಘಾತವಾದ ಕಾಲದಲ್ಲೇ, ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ್‍ಯಾಂಕಿನ್ ಮುರಿದ ಆ್ಯಕ್ಸಲ್‌ಗಳನ್ನು ಪರೀಕ್ಷಿಸಿ, ವ್ಯಾಸ ಬದಲಾಗುವ ಮೂಲೆಯಿಂದ ಬಿರುಕು ಮೆಲ್ಲನೆ ಒಳಕ್ಕೆ ಬೆಳೆಯುತ್ತದೆ ಎಂದೂ ಅಲ್ಲಿ ದುಂಡು ತಿರುವು ಇರಬೇಕೆಂದೂ ಹೇಳಿದ್ದರು. ಶಾಫ್ಟ್ ದೊಡ್ಡ ರೇಡಿಯಸ್ ಕೇಳುತ್ತದೆ, ಬೇರಿಂಗ್ ಚಿಕ್ಕದನ್ನು ಕೇಳುತ್ತದೆ. ಸಿದ್ಧ ಭಾಗಕ್ಕೆ ಮಣಿಯಲೇಬೇಕಾದಾಗ ಶೋಲ್ಡರಿಗೂ ಬೇರಿಂಗಿಗೂ ನಡುವೆ ಮೂಲೆ ತೆಗೆದ ಸ್ಪೇಸರ್ ರಿಂಗ್ ಹಾಕಬಹುದು, ಇಲ್ಲವೇ ಮೂಲೆಯಲ್ಲಿ ಅಂಡರ್‌ಕಟ್ ಕೊಡಬಹುದು. ನಾವು ಎರಡನೆಯದನ್ನು ಮಾಡಿದೆವು. ಟರ್ನರ್ ಸಣ್ಣ ಟೂಲನ್ನು ಉಜ್ಜಿಕೊಂಡು ಮೂಲೆಯನ್ನು ಕೊರೆದು ಕೊಟ್ಟ ಮೇಲೆ ಬೇರಿಂಗ್ ಕೂತಿತು, ಸರ್‌ಕ್ಲಿಪ್ ಟಕ್ಕೆಂದು ಗ್ರೂವಿಗೆ ಬಿತ್ತು.

ಪರದೆಯ ಚಿತ್ರದಲ್ಲಿ ಕಾಣದ ಇನ್ನೊಂದು ಸಂಗತಿ ಜೋಡಣೆಯ ಕ್ರಮ. ಆ 28ರ ತುದಿಗೆ 8×7 ಕೀ, ಅಂದರೆ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರದ್ದು. ಶಾಫ್ಟಿನೊಳಗೆ 4 ಮಿ.ಮೀ. ಇಳಿದು 3 ಮಿ.ಮೀ. ಮೇಲೆ ನಿಲ್ಲುವುದರಿಂದ ಅದರ ನೆತ್ತಿ ಮಧ್ಯರೇಖೆಯಿಂದ 17 ಮಿ.ಮೀ. ದೂರದಲ್ಲಿರುತ್ತದೆ, 30ರ ಒಳವ್ಯಾಸದ ಬೇರಿಂಗಿಗೆ ಸಿಗುವುದು 15 ಮಾತ್ರ. ಹಾಗಾಗಿ ಬೇರಿಂಗ್ ಮೊದಲು, ಕೀ ಆಮೇಲೆ. ಮುಂದೆ ಬೇರಿಂಗ್ ಕೀಳಬೇಕಾದಾಗ ಕೀಯನ್ನು ಮೊದಲು ತೆಗೆಯಬೇಕು, ಅದನ್ನು ತೆಗೆಯಲು ಜಾಗವಿರಬೇಕು. ಡ್ರಾಯಿಂಗಿನಲ್ಲಿ ಎಲ್ಲವೂ ಒಮ್ಮೆಗೇ ತಮ್ಮ ತಮ್ಮ ಜಾಗದಲ್ಲಿ ಕೂತಿರುವುದರಿಂದ ಇದು ಹೊಳೆಯುವುದಿಲ್ಲ. ನಾನೀಗ ಪ್ರತಿ ಭಾಗವನ್ನೂ ಯಾವ ತುದಿಯಿಂದ ತೂರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿಕೊಂಡೇ ಡ್ರಾಯಿಂಗ್ ಬಿಡುತ್ತೇನೆ. ಪಕ್ಕದ ಮೇಜಿನವರಿಗೆ ಅದು ಅಭ್ಯಾಸವಾಗಿದೆ. ಎರಡೂ ತುದಿಯ ಕೀವೇಗಳನ್ನು (ಕೀ ಕೂರುವ ತೋಡುಗಳನ್ನು) ಒಂದೇ ಸಾಲಿನಲ್ಲಿ ಇಟ್ಟರೆ ಮಿಲ್ಲಿಂಗಿನವರು ಒಂದೇ ಸೆಟ್ಟಿಂಗಿನಲ್ಲಿ ಮುಗಿಸುತ್ತಾರೆ ಎಂಬುದನ್ನೂ ಹೀಗೆ ಹೇಳಿಕೊಳ್ಳುವಾಗಲೇ ಕಲಿತೆ.

ಹುಡುಗ ಮರುದಿನ ಹೊಸ ಡ್ರಾಯಿಂಗ್ ತಂದ. 33 ಹೋಗಿ 35 ಬಂದಿತ್ತು, ಬೇರಿಂಗ್ 6207 ಆಗಿತ್ತು, ತುದಿ 32ಕ್ಕೆ ಏರಿದ್ದರಿಂದ ಕೀಯನ್ನೂ 10×8ಕ್ಕೆ ಬದಲಿಸಿದ್ದ. ಮೂಲೆಯ ರೇಡಿಯಸ್ ಮಾತ್ರ 2 ಎಂದೇ ಇತ್ತು. ಕುರ್ಚಿ ಎಳೆದು ಕೂರಿಸಿಕೊಂಡು ಆ ಫೀಲರ್ ಗೇಜಿನ ಕಥೆ ಹೇಳಿದೆ.