ಎರಡು ನಕ್ಷತ್ರಗಳ ಗಂಟು

ಆ ದಿನ ನನ್ನ ಗ್ರಹಗಳೆಲ್ಲ ಅವವುಗಳ ಮನೆಯಲ್ಲೇ ಇದ್ದಿರಬೇಕು. ಗ್ರಹಚಾರ ಕೆಟ್ಟದ್ದು ಎರಡು ನಕ್ಷತ್ರಗಳಿಂದ. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವವರಿಗೆ ‘**’ ಎಂದು ಬರೆಯುವ ಈ ಜೋಡಿಯ ಪರಿಚಯ ಇದ್ದೇ ಇರುತ್ತದೆ. ಫಂಕ್ಷನ್, ಅಂದರೆ ಒಂದು ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಂ ತುಣುಕು, ಬರೆಯುವಾಗ ಅದರ ಕೊನೆಯ ಪ್ಯಾರಾಮೀಟರಿನ (ಒಳಬರುವ ಮಾಹಿತಿಗೆಂದು ಕಾದಿರಿಸಿದ ಜಾಗದ) ಹೆಸರಿಗೆ ಇವನ್ನು ಅಂಟಿಸಿದರೆ, ಹೆಸರು ಹೊತ್ತು ಬಂದರೂ ಒಳಗೆ ತಮಗಾಗಿ ಜಾಗವಿಲ್ಲದ ಆರ್ಗ್ಯುಮೆಂಟುಗಳೆಲ್ಲ (ಫಂಕ್ಷನ್ನಿಗೆ ನಾವು ಕೊಡುವ ಮಾಹಿತಿಗಳೆಲ್ಲ) ಹೆಸರಿನ ಜೊತೆಗೆ ಅದರ ಬೆಲೆಯನ್ನಿಡುವ ಒಂದು ಡಿಕ್ಷನರಿಯಲ್ಲಿ ಗಂಟಾಗಿ ಕೂರುತ್ತವೆ. ಮುಂದಿನ ಫಂಕ್ಷನ್ನನ್ನು ಕರೆಯುವಾಗ ಅದೇ ನಕ್ಷತ್ರಗಳನ್ನು ಹಾಕಿದರೆ ಗಂಟು ಬಿಚ್ಚಿಕೊಂಡು, ಒಂದೊಂದೂ ತನ್ನ ಹೆಸರಿನೊಡನೆ ಅಲ್ಲಿಗೆ ತಲುಪುತ್ತದೆ.

ಮೊದಮೊದಲು ನಾನು ಹೆಸರುಗಳ ಗೊಡವೆಗೇ ಹೋಗಿರಲಿಲ್ಲ. ಮೇಲ್ ಕಳುಹಿಸುವ ನನ್ನ ಫಂಕ್ಷನ್ನಿಗೆ ‘ಟ್ರೂ, ಫಾಲ್ಸ್, 3, ಟ್ರೂ’ ಎಂದು ಸಾಲಾಗಿ ಒಪ್ಪಿಸಿ ಕೈತೊಳೆದುಕೊಳ್ಳುತ್ತಿದ್ದೆ. ಆರು ತಿಂಗಳ ನಂತರ ಅದೇ ಸಾಲನ್ನು ತೆರೆದಾಗ ಯಾವ ನಿಜ ಯಾವುದರ ಕುರಿತದ್ದು, ಆ ಸುಳ್ಳನ್ನು ನಾನು ಯಾಕೆ ಹೇಳಿದ್ದೆ ಎಂಬುದು ನನಗೇ ಹೊಳೆಯಲಿಲ್ಲವಾದ್ದರಿಂದ, ಇನ್ನು ಮುಂದೆ ಎಲ್ಲವನ್ನೂ ಹೆಸರು ಹಿಡಿದೇ ಕಳುಹಿಸುವುದೆಂದು ತೀರ್ಮಾನಿಸಿದೆ. ತೀರ್ಮಾನ ಒಳ್ಳೆಯದೇ. ಆದರೆ ನನ್ನ ಪ್ರೋಗ್ರಾಂನಲ್ಲಿ ಒಂದರಿಂದ ಒಂದನ್ನು ಕರೆಯುವ ನಾಲ್ಕು ಫಂಕ್ಷನ್ನುಗಳಿದ್ದವು, ಮತ್ತು ನಾಲ್ಕರಲ್ಲೂ ಎಲ್ಲ ಹೆಸರುಗಳನ್ನು ಬರೆಯುವಷ್ಟು ಶ್ರದ್ಧೆ ನನ್ನಲ್ಲಿರಲಿಲ್ಲ. ಹೀಗಾಗಿ ನಕ್ಷತ್ರಗಳ ಮೊರೆಹೋದೆ.

ಮೊದಲ ಪೆಟ್ಟು ಸಣ್ಣದು. ಗಂಟನ್ನು ಮುಂದಕ್ಕೆ ದಾಟಿಸುವ ಒಂದು ಕಡೆ ನಕ್ಷತ್ರಗಳನ್ನು ಹಾಕಲು ಮರೆತೆ. ಆಗ ಗಂಟು ಬಿಚ್ಚಿಕೊಳ್ಳದೆ, ಇಡೀ ಡಿಕ್ಷನರಿಯೇ ಒಂದು ಸಾಮಾನ್ಯ ಆರ್ಗ್ಯುಮೆಂಟಾಗಿ, ಖಾಲಿಯಿದ್ದ ಎರಡನೆಯ ಜಾಗದಲ್ಲಿ ಹೋಗಿ ಕುಳಿತಿತು. ಆ ಜಾಗ ಮೇಲ್‌ನ ಶೀರ್ಷಿಕೆಗೆ ಮೀಸಲಾದದ್ದು. ಪುಣ್ಯಕ್ಕೆ ಅದನ್ನು ನನಗೆ ನಾನೇ ಕಳುಹಿಸಿಕೊಂಡಿದ್ದೆ. ಪುಷ್ಪಾವರಣದೊಳಗೆ ನನ್ನ ಸಕಲ ಸೆಟ್ಟಿಂಗುಗಳನ್ನೂ ಶೀರ್ಷಿಕೆಯಾಗಿ ಧರಿಸಿದ ಆ ಮೇಲ್ ಇನ್ನೂ ನನ್ನ ಇನ್‌ಬಾಕ್ಸಿನಲ್ಲಿದೆ.

ದೊಡ್ಡ ಪೆಟ್ಟು ಬಿದ್ದದ್ದು ಒಂದು ಅಂಡರ್‌ಸ್ಕೋರಿನಿಂದ. ಮೇಲ್ ಕಳುಹಿಸಿದಂತೆ ನಟಿಸಿ, ನಿಜವಾಗಿ ಏನನ್ನೂ ಕಳುಹಿಸದಿರಲು ನಾನು ‘ಡ್ರೈ’ ಮತ್ತು ‘ರನ್’ ಎಂಬೆರಡು ಪದಗಳ ನಡುವೆ ಅಂಡರ್‌ಸ್ಕೋರ್ ಇಟ್ಟು ಒಂದು ಆಯ್ಕೆಯನ್ನು ಮಾಡಿಕೊಂಡಿದ್ದೆ. ಪರೀಕ್ಷೆಗೆಂದು ಪ್ರೋಗ್ರಾಂ ಓಡಿಸಿದ ದಿನ ಆ ಅಂಡರ್‌ಸ್ಕೋರ್ ನನ್ನ ಬೆರಳಿನಿಂದ ತಪ್ಪಿಸಿಕೊಂಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಮೂವರು ಪೂಜಾರಿಗಳಾದರೋ ಏನನ್ನೂ ತಡೆಹಿಡಿಯದೆ, ತಪ್ಪು ಹೆಸರನ್ನು ಹೊತ್ತ ಗಂಟನ್ನು ಅತ್ಯಂತ ಪ್ರಾಮಾಣಿಕವಾಗಿ ನಾಲ್ಕನೆಯವನವರೆಗೆ ಮುಟ್ಟಿಸಿದರು. ನಾಲ್ಕನೆಯವನು ಗಂಟಿನೊಳಗೆ ಕೈಹಾಕಿ ಸರಿಯಾದ ಹೆಸರಿಗಾಗಿ ತಡಕಾಡಿದ, ಸಿಗಲಿಲ್ಲ. ಸಿಗದಿದ್ದರೆ ‘ಫಾಲ್ಸ್’ ಎಂದು ತಿಳಿಯತಕ್ಕದ್ದು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ತಪ್ಪು ಹೆಸರಿನದು ಗಂಟಿನ ಮೂಲೆಯಲ್ಲಿ ಬಿದ್ದೇ ಇತ್ತು. ಅದನ್ನು ಯಾರೂ ಕೇಳಲಿಲ್ಲ, ಅದೂ ಯಾರನ್ನೂ ಕೇಳಲಿಲ್ಲ.

ಮೇಲ್ 412 ಜನರಿಗೆ ಹೋಯಿತು. ಅದರಲ್ಲಿದ್ದದ್ದು ಒಂದೇ ವಾಕ್ಯ: “ಇದು ಪರೀಕ್ಷೆ, ಇದನ್ನು ಯಾರೂ ಓದುವುದಿಲ್ಲ.” ಎರಡೇ ನಿಮಿಷದಲ್ಲಿ ನನ್ನ ಮೇಲಧಿಕಾರಿಗಳಿಂದ ಉತ್ತರ ಬಂತು: “ನಾನು ಓದಿದೆ.”

ಆ ಎರಡು ಪದಗಳಿಂದ ಹುಟ್ಟಿದ ಭಯಭಕ್ತಿಯಲ್ಲಿ ಎರಡನೆಯ ಫಂಕ್ಷನ್ನಿನಲ್ಲೇ ಆ ಆಯ್ಕೆಯನ್ನು ಕೈಯಾರೆ ‘ಟ್ರೂ’ ಎಂದು ಬರೆದು, ಅದರ ಪಕ್ಕದಲ್ಲಿ ಗಂಟನ್ನೂ ಬಿಚ್ಚಿಟ್ಟೆ. ಈ ಸಲ ಅಂಡರ್‌ಸ್ಕೋರ್ ಸರಿಯಾಗಿ ಬಿದ್ದಿದ್ದರಿಂದ ಅದೇ ಹೆಸರು ಗಂಟಿನೊಳಗೂ ಇತ್ತು. ಒಂದೇ ಹೆಸರಿಗೆ ಎರಡು ಬೆಲೆಗಳು ಬಂದಿವೆ ಎಂದು ಪೈಥಾನ್ ಟೈಪ್‌ಎರರ್ ಎಸೆದು ನಿಂತುಬಿಟ್ಟಿತು. ಹೆಸರು ತಪ್ಪಾದಾಗ ತುಟಿ ಬಿಚ್ಚದೆ, ಸರಿಯಾದಾಗ ರಂಪ ಮಾಡುವುದು ಯಾವ ಸೀಮೆಯ ನ್ಯಾಯವೋ ಎಂದು ಆಗ ಬೈದುಕೊಂಡೆ. ಯೋಚಿಸಿದರೆ, ಬಾಯಿಗೆ ಬೀಗ ಹಾಕಿದ್ದು ನಾನೇ. ಸಿಕ್ಕಿದ್ದೆಲ್ಲವನ್ನೂ ತುಂಬಿಕೊಳ್ಳುವ ಗಂಟನ್ನು ಬಾಗಿಲಲ್ಲಿ ತೂಗುಹಾಕಿದ ಮೇಲೆ, ಒಳಬರುವವರ ಗುರುತು ಪರೀಕ್ಷಿಸಲು ಪಾಪ ಪೈಥಾನಿಗೆ ಕಾರಣವಾದರೂ ಏನಿದೆ?

ಕಡೆಗೆ ನಾಲ್ಕನೆಯವನ ಕೈಯಿಂದ ಗಂಟನ್ನು ಕಿತ್ತುಕೊಂಡೆ. ಅವನ ಪ್ಯಾರಾಮೀಟರುಗಳ ನಡುವೆ ಒಂಟಿ ನಕ್ಷತ್ರವೊಂದನ್ನು ಇಟ್ಟು, ಅದರ ನಂತರ ಬೇಕಾದ ಹೆಸರುಗಳನ್ನಷ್ಟೇ ಬರೆದೆ. 2008ರಲ್ಲಿ ಬಂದ ಪೈಥಾನ್ 3.0ರಿಂದಲೂ ಈ ಏರ್ಪಾಡು ಇದೆ: ಒಂಟಿ ನಕ್ಷತ್ರದಾಚೆ ಇರುವವುಗಳನ್ನು ಹೆಸರು ಹಿಡಿದೇ ಕರೆಯಬೇಕು, ಗೊತ್ತಿಲ್ಲದ ಹೆಸರು ಬಂದರೆ ಅಲ್ಲಿಯೇ ಎರರ್. ನಡುವಿನ ಮೂವರು ಈಗಲೂ ಗಂಟು ಹೊರುತ್ತಾರೆ. ಆದರೆ ಕೊನೆಯ ಬಾಗಿಲಲ್ಲಿ ತಪಾಸಣೆಯಿದೆ.

ಮೊನ್ನೆ ಅದೇ ಅಂಡರ್‌ಸ್ಕೋರನ್ನು ಮತ್ತೆ ಮರೆತೆ. ನನ್ನ ಕಂಪ್ಯೂಟರಿನಲ್ಲಿ ಈಗ ಪೈಥಾನ್ 3.13 ಇದೆ, ಇಂಥ ತಪ್ಪುಗಳಲ್ಲಿ ಅದು ಸರಿಯಾದ ಹೆಸರನ್ನೂ ತಾನೇ ಊಹಿಸಿ, ನೀವು ಹೇಳಹೊರಟಿದ್ದು ಇದೇ ಅಲ್ಲವೇ ಎಂದು ವಿನಯದಿಂದ ಕೇಳುತ್ತದೆ. ಹೌದು ಎಂದು ಪರದೆಗೆ ತಲೆಯಾಡಿಸಿ, ಸರಿಪಡಿಸಿ, ಓಡಿಸಿದೆ. ಯಾರಿಗೂ ಮೇಲ್ ಹೋಗಲಿಲ್ಲ. ಆದರೂ ಎರಡು ನಿಮಿಷ ಇನ್‌ಬಾಕ್ಸನ್ನೇ ನೋಡುತ್ತ ಕುಳಿತಿದ್ದೆ.